ಕಾಗಿನೆಲೆಯಿಂದ ಹೊರಡುವ ದಾರಿಗಳು

ಕನಕ ಜಯಂತಿಯ ಹೊತ್ತಿಗೆ ಹಾವೇರಿ ಸೀಮೆಯ ಎರೆಹೊಲಗಳಲ್ಲಿ ಕೆಸರು ಆರಿರುತ್ತದೆ, ಬಿಸಿಲಿನ ಕಾವು ಇಳಿದಿರುತ್ತದೆ. ನಡೆಯಲಿಕ್ಕೂ ಸೈಕಲ್ ತುಳಿಯಲಿಕ್ಕೂ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಬಾಡದಿಂದ ಕಾಗಿನೆಲೆಗೆ, ಕಾಗಿನೆಲೆಯಿಂದ ಬ್ಯಾಡಗಿಗೆ, ಅಲ್ಲಿಂದ ದೇವರಗುಡ್ಡಕ್ಕೆ ದಾಸರು, ಗೊರವರು, ಕುರಿಗಾರರು, ಬಂಡಿ ಹೊಡೆಯುವವರು ಮಾಡಿಟ್ಟ ದಾರಿಗಳಿವೆ. ಅವುಗಳಲ್ಲಿ ನಡೆಯುವವರು ಕಡಿಮೆಯಾದಷ್ಟೂ ನೇಗಿಲು ಒಳಗೆ ಬರುತ್ತಿದೆ.

ಬೆಳಗಿನ ಏಳು ಗಂಟೆ. ಕಾಗಿನೆಲೆಯ ಕೆರೆಯ ಮೇಲಿಂದ ಇಬ್ಬನಿ ಇನ್ನೂ ಎದ್ದಿಲ್ಲ. ಡಾಂಬರು ರಸ್ತೆಯ ಅರ್ಧಭಾಗದಲ್ಲಿ ಗೋವಿನಜೋಳ ಹರವಿದ್ದಾರೆ. ರಾತ್ರಿ ಹೊದಿಸಿದ್ದ ತಾಡಪತ್ರಿಯನ್ನು ಒಬ್ಬಾಕೆ ಮಡಚುತ್ತಿದ್ದಾಳೆ. ಉಳಿದರ್ಧದಲ್ಲಿ ಕುರಿಹಿಂಡು. ಹೆಗಲಿಗೆ ಕಂಬಳಿ ಹಾಕಿಕೊಂಡ ಹುಡುಗ ಬಾಯಲ್ಲೇ ಸದ್ದು ಮಾಡುತ್ತ ಹಿಂಡನ್ನು ಜೋಳದಿಂದ ದೂರ ಒತ್ತುತ್ತಾನೆ. ಹಿಂದೆ ಎರಡು ಸೈಕಲ್. ಟ್ಯೂಷನ್‌ಗೆ ಹೊರಟ ಹುಡುಗಿಯರು ಗಂಟೆ ಬಾರಿಸದೆ, ಒಂದು ಕಾಲು ನೆಲಕ್ಕೆ ಊರಿ ಕಾಯುತ್ತಾರೆ.

ಅಲ್ಲೇ ಮುಂದೆ ಡಾಂಬರು ಬಿಟ್ಟು ಎಡಕ್ಕೆ ಒಂದು ದಾರಿ ಇಳಿಯುತ್ತದೆ. ಒಂದು ಬಂಡಿ ಹಿಡಿಯುವಷ್ಟು ಅಗಲ. ನಡುವೆ ಹುಲ್ಲು, ಎರಡೂ ಬದಿಗೆ ಗಾಲಿಯ ಜಾಡು. ಬುತ್ತಿಗಂಟು ಹಿಡಿದ ಹಿರಿಯರೊಬ್ಬರು ಅತ್ತ ತಿರುಗಿದರು. "ಈ ದಾರಿ ಎಲ್ಲಿಗೆ ಹೋಗ್ತದ್ರಿ ಯಜಮಾನ್ರ?" ಎಂದು ಕೇಳಿದರೆ ಮೊದಲು ನಮ್ಮ ಊರು ಯಾವುದೆಂದು ವಿಚಾರಿಸಿಕೊಂಡು, ಆಮೇಲೆ ಹೇಳಿದರು: "ಮೊದಲ ಬ್ಯಾಡಗಿ ತನಕಾ ಹೋಗತಿತ್ರಿ. ನಮ್ಮಪ್ಪ ಮೆಣಸಿನಕಾಯಿ ಚೀಲಾ ಹೇರಿಕೊಂಡು ಇದರಾಗ ಬಂಡಿ ಹೊಡಕೊಂಡ ಹೋಗಾಂವ. ಈಗ ನಮ್ಮ ಹೊಲದ ತನಕಾ ಐತಿ. ಮುಂದ ಬದುವಿನ ಮ್ಯಾಲೆ ನಡೀಬೇಕ."

ಹಾವೇರಿ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲೂ ಹೀಗೆ ಅರ್ಧಕ್ಕೆ ನಿಂತ ದಾರಿಗಳಿವೆ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೊರಡುವವರು ಕೊಡಗು, ಚಿಕ್ಕಮಗಳೂರಿನ ಬೆಟ್ಟಗಳಿಗೆ ಹೋಗುತ್ತಾರೆ. ಬಯಲಿನಲ್ಲಿ ನಡೆಯಲು ಏನಿದೆ ಎಂದುಕೊಳ್ಳುತ್ತಾರೆ. ಕಾಗಿನೆಲೆಯ ಸುತ್ತ ಒಂದು ದಿನ ನಡೆದವರು ಆ ಮಾತು ಆಡಲಾರರು.

ಹೆಗಲ ಮೇಲೆ ಆದಿಕೇಶವ

ಇಲ್ಲಿಯ ಮೊದಲ ದಾರಿ ಬಾಡದ್ದು. ಬಂಕಾಪುರ ಸೀಮೆಯ ಬಾಡ ಈಗ ಶಿಗ್ಗಾಂವಿ ತಾಲ್ಲೂಕಿನ ಊರು. ದಂಡನಾಯಕ ಬೀರಪ್ಪ, ಬಚ್ಚಮ್ಮ ಇವರ ಮಗ ತಿಮ್ಮಪ್ಪ ನಾಯಕ ಅಲ್ಲಿ ಹುಟ್ಟಿದ. ಹುಟ್ಟಿದ ವರ್ಷ 1509 ಎಂಬುದು ರೂಢಿಯ ಲೆಕ್ಕ. ನೆಲ ಅಗೆಸುವಾಗ ಹೊನ್ನಿನ ಕೊಪ್ಪರಿಗೆ ಸಿಕ್ಕಿತು, ಅದನ್ನು ಇಟ್ಟುಕೊಳ್ಳದೆ ಹಂಚಿದ್ದರಿಂದ ಕನಕನಾದ ಎಂದು ಜನ ಹೇಳುತ್ತಾರೆ. ಯುದ್ಧದ ಗಾಯದಿಂದ ಎದ್ದ ಮೇಲೆ ಕತ್ತಿ ಬಿಟ್ಟ, ಬಾಡದ ಆದಿಕೇಶವನನ್ನು ಹೊತ್ತು ತಂದು ಕಾಗಿನೆಲೆಯಲ್ಲಿ ನಿಲ್ಲಿಸಿದ ಎಂಬುದು ಈ ಸೀಮೆಯ ನಂಬಿಕೆ. ಅಲ್ಲಿಂದ ಮುಂದೆ ಅವರ ಬಹಳಷ್ಟು ಕೀರ್ತನೆಗಳ ಕೊನೆಗೆ ಕಾಗಿನೆಲೆಯ ಹೆಸರೇ ಅಂಕಿತ.

ಬಾಡದಿಂದ ಕಾಗಿನೆಲೆಗೆ ಸುಮಾರು ನಲವತ್ತು ಕಿಲೋಮೀಟರ್. ಸೈಕಲ್‌ಗೆ ಅರ್ಧ ದಿನ, ನಡೆಯುವವರಿಗೆ ನಡುವೆ ಒಂದು ರಾತ್ರಿ ತಂಗಿ ಎರಡು ದಿನದ ಹಾದಿ. ಬಾಡದಲ್ಲಿ ಸರ್ಕಾರ ಕೋಟೆ-ಅರಮನೆಯನ್ನು ಹೊಸದಾಗಿ ಕಟ್ಟಿಸಿದೆ. ಕಾಗಿನೆಲೆಯಲ್ಲಿ ಗದ್ದುಗೆ ಇದೆ, ಉದ್ಯಾನ ಇದೆ, ಕನಕ ಗುರುಪೀಠ ಇದೆ. ಎರಡೂ ತುದಿಗಳಲ್ಲಿ ಇಷ್ಟೆಲ್ಲ ಆಗಿರುವಾಗ ನಡುವಿನ ದಾರಿಯಲ್ಲಿ 'ಕನಕ ನಡೆದದ್ದು ಇತ್ತ' ಎಂದು ತೋರಿಸುವ ಒಂದು ಕಲ್ಲೂ ಕಾಣುವುದಿಲ್ಲ. ದಾಸನೊಬ್ಬನ ಬದುಕು ತುದಿಗಳಲ್ಲಿ ಇರುತ್ತದೆಯೋ, ನಡುವಿನ ನಡಿಗೆಯಲ್ಲೋ? ಊರಿಂದೂರಿಗೆ ನಡೆದವರು ದಾಸರು. ಕನಕರು ಉಡುಪಿಯವರೆಗೆ ಹೋದದ್ದೂ ನಡೆದೇ.

ಆ ನಡುವಿನ ದಾರಿಯಲ್ಲಿ ಮೊದಲು ಸಿಗುವುದು ಬಂಕಾಪುರ. ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೆಯನ ಹೆಸರು ಹೊತ್ತ ಊರು. ಕೋಟೆಯೊಳಗೆ ಅರವತ್ತು ಕಂಬದ ನಾಗರೇಶ್ವರ ಗುಡಿ. ಸುತ್ತಲಿನ ಕುರುಚಲಿನಲ್ಲಿ ನವಿಲುಧಾಮ. ಸೈಕಲ್ ನಿಲ್ಲಿಸಿ ಅರ್ಧ ತಾಸು ಸುಮ್ಮನೆ ಕುಳಿತರೆ ನವಿಲು ಹತ್ತಿರ ಬರುತ್ತದೆ. ಹೆದ್ದಾರಿಯಲ್ಲಿ ಕಾರಿನಲ್ಲಿ ಹೋಗುವವರಿಗೆ ಬಂಕಾಪುರ ಒಂದು ಹೆಸರಿನ ಫಲಕ ಮಾತ್ರ.

ಮುಂದೆ ವರದಾ ನದಿ. ಮಲೆನಾಡಿನಲ್ಲಿ ಹುಟ್ಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ಈ ಹೊಳೆ ಮಳೆಗಾಲದಲ್ಲಿ ದಂಡೆಯ ಹೊಲಗಳನ್ನು ಮುಳುಗಿಸುತ್ತದೆ, ನವೆಂಬರ್ ಹೊತ್ತಿಗೆ ತಣ್ಣಗಾಗಿರುತ್ತದೆ. ಹೊಳೆ ದಾಟಿ ತೆಂಕಣಕ್ಕೆ ಬಂದರೆ ನೆಲದ ಬಣ್ಣ ಬದಲಾಗುತ್ತ ಹೋಗುವುದು ನಡೆಯುವವರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಪಡುವಣಕ್ಕೆ ಹಾನಗಲ್ಲ ಕಡೆಯ ಭತ್ತದ ಗದ್ದೆ, ಮಾವಿನ ತೋಪು. ಮೂಡಣಕ್ಕೆ ಬ್ಯಾಡಗಿ, ರಾಣೆಬೆನ್ನೂರ ಕಡೆಯ ಎರಿ, ಮಸಾರಿ, ಜೋಳ, ಹತ್ತಿ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಸಂಧಿಯಲ್ಲಿ ಕಾಗಿನೆಲೆ ಇದೆ.

ಇಲ್ಲಿ ನಡೆಯುವಾಗಲೆಲ್ಲ ನನಗೆ ಕನಕದಾಸರ ರಾಮಧಾನ್ಯಚರಿತೆಯ ನೆನಪು ಬರುತ್ತದೆ. ನೆಲ್ಲಿಗೂ ನರೆದಲೆಗಕ್ಕೂ, ಎಂದರೆ ಅಕ್ಕಿಗೂ ರಾಗಿಗೂ, ಯಾರು ದೊಡ್ಡವರೆಂಬ ಜಗಳ ಎದ್ದು, ಎರಡನ್ನೂ ಸೆರೆಯಲ್ಲಿಟ್ಟು ನೋಡಿ, ಕೆಡದೆ ಉಳಿದ ರಾಗಿಯನ್ನು ರಾಮ ಎತ್ತಿ ಹಿಡಿಯುವ ಕಾವ್ಯ ಅದು. ಮೇಲು-ಕೀಳಿನ ಪ್ರಶ್ನೆಯನ್ನು ಧಾನ್ಯದ ಬಾಯಲ್ಲಿ ಕೇಳಿದ ಕವಿ ಬದುಕಿದ್ದು ಗದ್ದೆಯ ಸೀಮೆಯೂ ಬೆದ್ದಲಿನ ಸೀಮೆಯೂ ಒಂದರ ಮುಖ ಒಂದು ನೋಡುವ ಜಾಗದಲ್ಲಿ. ತುಸು ಪಡುವಣಕ್ಕೆ ನಡೆದರೆ ಒಂದು ಊಟ, ತುಸು ಮೂಡಣಕ್ಕೆ ನಡೆದರೆ ಇನ್ನೊಂದು ಊಟ. ಈ ಕಾವ್ಯವನ್ನು ತರಗತಿಯಲ್ಲಿ ಪಾಠ ಮಾಡುವ ಮೇಷ್ಟ್ರುಗಳು ಒಂದು ದಿನ ಮಕ್ಕಳನ್ನು ಕರೆದುಕೊಂಡು ಈ ಹೊಲಗಳ ನಡುವೆ ನಡೆಯಬೇಕು. ಅರ್ಧ ಪಾಠ ಅಲ್ಲೇ ಆಗುತ್ತದೆ.

ಊರ ಸುತ್ತಿನ ನಡಿಗೆ

ದೂರದ ದಾರಿ ಬೇಡ ಎನ್ನುವವರಿಗೆ ಕಾಗಿನೆಲೆಯ ಒಳಸುತ್ತೇ ಒಂದು ಮುಂಜಾನೆಗೆ ಸಾಕು. ಆದಿಕೇಶವ, ಲಕ್ಷ್ಮೀನರಸಿಂಹ, ಸಂಗಮೇಶ್ವರ ಗುಡಿಗಳನ್ನು ನೋಡಿಕೊಂಡು, ಓಣಿಗಳ ನಡುವೆ ಸಾಗಿ, ಕನಕರ ಗದ್ದುಗೆಗೆ ಬಂದು, ಕೆರೆಯ ಏರಿ ಹತ್ತಿ ತಿರುಗಿ ಊರಿಗೆ. ವೈಷ್ಣವ ಗುಡಿಯ ಪಕ್ಕದಲ್ಲೇ ಶೈವ ಗುಡಿ; ಇದು ಎರಡೂ ಪಂಥದವರು ಬಾಳಿದ ಹಳೆಯ ಊರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಏರಿಯ ಮೇಲೆ ನಿಂತರೆ ಒಂದು ಬದಿ ನೀರು, ಬೆಳ್ಳಕ್ಕಿ, ನೀರುಕಾಗೆ. ಇನ್ನೊಂದು ಬದಿ ತಗ್ಗಿನ ಹೊಲ.

ದೀಪಾವಳಿ ಮುಗಿದ ಮೇಲೆ ಈ ಊರುಗಳಲ್ಲಿ ಹೋರಿ ಹಬ್ಬದ ಕಾಲ. ಕೊಬ್ಬರಿ ಹಾರ, ಬಲೂನು, ಜೂಲು ಕಟ್ಟಿಕೊಂಡ ಹೋರಿಗಳು ಜನರ ನಡುವೆ ನುಗ್ಗುತ್ತವೆ. ಅಂಥ ದಿನ ಸೈಕಲ್ ಬೇಡ. ಕಟ್ಟೆ ಹತ್ತಿ ನೋಡಬೇಕು. ಗೌರಿ ಹುಣ್ಣಿಮೆಗೆ ಬಂದರೆ ಸಂಜೆ ಹೊತ್ತು ಸಕ್ಕರೆ ಗೊಂಬೆಯ ಆರತಿ ಹಿಡಿದು ಹೊರಟ ಹೆಣ್ಣುಮಕ್ಕಳ ಸಾಲು ಕಾಣುತ್ತದೆ. ಆ ಹುಣ್ಣಿಮೆ ಕಳೆದು ಮೂರನೆಯ ದಿನ, ಕಾರ್ತಿಕ ಬಹುಳ ತದಿಗೆಗೆ ಕನಕ ಜಯಂತಿ. ನಡೆಯುವವರು ಈ ವಾರವನ್ನೇ ಆರಿಸಿಕೊಂಡರೆ ಹೊಲದ ಹಂಗಾಮು, ಹಬ್ಬ, ಜಯಂತಿ ಮೂರೂ ಒಟ್ಟಿಗೆ ಸಿಗುತ್ತವೆ.

ಮೆಣಸಿನ ಬಂಡಿಯ ಹಾದಿ

ಕಾಗಿನೆಲೆಯಿಂದ ಬ್ಯಾಡಗಿಗೆ ಅವಸರ ಮಾಡದೆ ತುಳಿದರೆ ಒಂದೂವರೆ ತಾಸು. ಏರು-ಇಳಿವು ಸೌಮ್ಯ. ಗಾಳಿ ಎದುರಾದರೆ ಮಾತ್ರ ತೊಡೆಗೆ ಗೊತ್ತಾಗುತ್ತದೆ.

ದಾರಿಯ ಎರಡೂ ಬದಿ ಈಗ ಹೆಚ್ಚಾಗಿ ಗೋವಿನಜೋಳ. ಬ್ಯಾಡಗಿ ಎಂದರೆ ಮೆಣಸಿನಕಾಯಿ ಎಂದುಕೊಂಡು ಬಂದವರಿಗೆ ಇದು ಅಚ್ಚರಿ. ಮಾರುಕಟ್ಟೆಗೆ ಬರುವ ಕಾಯಿಯಲ್ಲಿ ದೊಡ್ಡ ಪಾಲು ಈಗ ಗದಗ, ಧಾರವಾಡ, ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದಲೂ ಲಾರಿಗಳಲ್ಲಿ ಬರುತ್ತದೆ. ಆದರೂ ಹೆಸರು ಬ್ಯಾಡಗಿಯದೇ. ಕಡ್ಡಿ, ಡಬ್ಬಿ ಎಂಬ ಎರಡು ತಳಿಗಳ ಸುಕ್ಕುಗಟ್ಟಿದ, ಖಾರ ಕಡಿಮೆ, ಬಣ್ಣ ಹೆಚ್ಚಿನ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಬೇಕಾದದ್ದು ಇದರ ಕೆಂಪು. ಡಿಸೆಂಬರ್ ಕಳೆದು ಸುಗ್ಗಿ ಏರಿದಾಗ ಪೇಟೆಯ ಹತ್ತಿರ ಬಂದಂತೆ ಮೂಗಿಗೆ ಘಾಟು ಬಡಿಯುತ್ತದೆ. ಟೆಂಡರ್ ನಡೆಯುವ ಸೋಮವಾರ, ಗುರುವಾರ ಲಾರಿಗಳ ನಡುವೆ ಸೈಕಲ್ ಸವಾರನಿಗೆ ಜಾಗ ಇರುವುದಿಲ್ಲ. ಆ ಎರಡು ದಿನ ಬಿಟ್ಟು ಹೊರಡುವುದು ಜಾಣತನ.

ಲಾರಿ ಬರುವ ಮೊದಲು ಈ ಕಾಯಿ ಬಂದದ್ದು ಬಂಡಿಯಲ್ಲಿ. ರಾತ್ರಿಯೇ ಹೊರಟು, ಬಂಡಿಯ ಕೆಳಗೆ ಕಂದೀಲು ಕಟ್ಟಿ, ಸಾಲುಗಟ್ಟಿ ಬರುತ್ತಿದ್ದರು. ಆ ಸಾಲುಗಳು ಕೊರೆದ ಜಾಡುಗಳೇ ಇವತ್ತು ಬ್ಯಾಡಗಿಯ ಸುತ್ತ ಹಳ್ಳಿಗಳಿಂದ ಹೊಲದ ನಡುವೆ ಬಂದು ಸೇರುವ ಅಡ್ಡದಾರಿಗಳು. ಡಾಂಬರಿನ ಮೇಲೆ ಹೋಗುವವರಿಗೆ ಅವು ಕಾಣುವುದಿಲ್ಲ. ರಸ್ತೆಯ ಬದಿಗೆ ಹಳೆಯ ಬೇವಿನ ಮರ, ಅದರ ಕೆಳಗೆ ಕಟ್ಟೆ, ಹತ್ತಿರದಲ್ಲೊಂದು ಹಾಳುಬಾವಿ ಕಂಡರೆ ಅಲ್ಲಿ ಇಳಿದು ನೋಡಿ. ಬಂಡಿ ದಾರಿ ಅಲ್ಲೇ ಎಲ್ಲೋ ಇರುತ್ತದೆ.

ಬ್ಯಾಡಗಿ ತಾಲ್ಲೂಕಿನಲ್ಲಿ ಗುಡ್ಡದ ಮಲ್ಲಾಪುರವೂ ಇದೆ. ವೃಷಭವೇ ಮೂಕಪ್ಪ ಶಿವಯೋಗಿಯಾಗಿ ಪೂಜೆಗೊಳ್ಳುವ ಮಠ ಅಲ್ಲಿಯದು. ಎತ್ತಿನ ಹೆಜ್ಜೆಯ ಮೇಲೆ ಇಡೀ ಒಕ್ಕಲುತನ ನಿಂತಿದ್ದ ಸೀಮೆಯಲ್ಲಿ ಇದು ಹುಟ್ಟಿದ್ದು ಸಹಜ.

▪ ಮೋಟೆಬೆನ್ನೂರಿನಿಂದ ದಂಡಿಗೆ
*ಬ್ಯಾಡಗಿಯ ಹತ್ತಿರ, ಹೆದ್ದಾರಿಯ ಮೇಲಿನ ಊರು ಮೋಟೆಬೆನ್ನೂರು. 1911ರಲ್ಲಿ ಅಲ್ಲಿ ಹುಟ್ಟಿದ ಮೈಲಾರ ಮಹದೇವಪ್ಪ, ಇನ್ನೂ ಇಪ್ಪತ್ತು ತುಂಬುವ ಮೊದಲೇ ಗಾಂಧೀಜಿಯ ಜೊತೆ ಸಾಬರಮತಿಯಿಂದ ದಂಡಿಗೆ ನಡೆದರು. 1930ರ ಮಾರ್ಚ್ 12ರಂದು ಹೊರಟ ಆ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಅವರೊಬ್ಬರೇ. ಸುಮಾರು 385 ಕಿ.ಮೀ. ನಡಿಗೆ, ಏಪ್ರಿಲ್ 6ರಂದು ಉಪ್ಪು ಎತ್ತಿದ್ದಾಯಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಮಹದೇವಪ್ಪ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹಾವೇರಿಯಲ್ಲಿ ಅವರ ನೆನಪಿಗೆ ವೀರಸೌಧ ಇದೆ. ಮೋಟೆಬೆನ್ನೂರಿನಿಂದ ಹೊಸರಿತ್ತಿಗೆ ಸೈಕಲ್ ಯಾತ್ರೆ ಹೊರಡಲು ಏಪ್ರಿಲ್ 1ರ ನಸುಕು ಒಳ್ಳೆಯ ಮುಹೂರ್ತ.*

ಒಂದು ಹಗಲಿನಲ್ಲಿ ಮೂವರು ಹನುಮಂತರು

ಬ್ಯಾಡಗಿಯಿಂದ ರಾಣೆಬೆನ್ನೂರ ಕಡೆಗೆ ಹೊರಟರೆ ಕದರಮಂಡಲಗಿ. ಇಲ್ಲಿಯ ಆಂಜನೇಯ ಕಾಂತೇಶ. ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿ ಶಾಂತೇಶ, ಶಿಕಾರಿಪುರದಲ್ಲಿ ಭ್ರಾಂತೇಶ. ಮೂವರನ್ನೂ ಸೂರ್ಯ ಹುಟ್ಟಿ ಮುಳುಗುವುದರೊಳಗೆ ನೋಡಿ ಬಂದರೆ ಕಾಶಿಗೆ ಹೋದ ಪುಣ್ಯ ಎಂದು ಈ ಭಾಗದವರ ನಂಬಿಕೆ. ಶ್ರಾವಣದ ಶನಿವಾರಗಳಲ್ಲಿ ಜನ ಈಗ ಕ್ರೂಸರ್ ಮಾಡಿಕೊಂಡು ಹೋಗಿ ಮಧ್ಯಾಹ್ನಕ್ಕೇ ಮುಗಿಸುತ್ತಾರೆ. ಸೈಕಲ್ ಸವಾರರಿಗೆ ಇದಕ್ಕಿಂತ ಒಳ್ಳೆಯ ಪಂಥ ಯಾರೂ ಕಟ್ಟಿಕೊಡಲಾರರು: ಹೊರಡುವ ಹೊತ್ತು, ಮುಟ್ಟುವ ಹೊತ್ತು, ನಡುವಿನ ನಿಲ್ದಾಣ ಎಲ್ಲ ಮೊದಲೇ ಗೊತ್ತಾಗಿದೆ. ಮೋಹನತರಂಗಿಣಿಯನ್ನು ಕನಕದಾಸರು ಕದರಮಂಡಲಗಿಯ ಈ ಗುಡಿಯಲ್ಲಿ ಕುಳಿತು ಬರೆದರೆಂದು ಊರಿನವರು ಹೇಳುತ್ತಾರೆ. ಹಾಗಿದ್ದರೆ ಕಾಗಿನೆಲೆ–ಕದರಮಂಡಲಗಿ ದಾರಿಯೂ ಕನಕನ ಪಾದ ಬಲ್ಲ ದಾರಿಯೇ.

ಜಿಂಕೆಯ ಬಯಲು, ಭಂಡಾರದ ಗುಡ್ಡ

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು; 119 ಚದರ ಕಿ.ಮೀ. ವಿಸ್ತಾರ. ಹುಲತ್ತಿ, ಹುಣಸಿಕಟ್ಟಿ, ಅಳಗೇರಿ ಎಂಬ ಮೂರು ಭಾಗ. ಕುರುಚಲು, ಹುಲ್ಲು, ನಡುನಡುವೆ ನೀಲಗಿರಿ ತೋಪು. ಗಂಡು ಕೃಷ್ಣಮೃಗ ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಕೋಡು ಎತ್ತಿ ನಿಂತರೆ ಬಯಲೇ ಅದರದ್ದು. ತೋಳವೂ ಇದೆ. ಎರೆಭೂತ ಹಕ್ಕಿ ಒಂದು ಕಾಲಕ್ಕೆ ಇಲ್ಲಿ ಓಡಾಡಿತ್ತು. ಹುಲ್ಲುಗಾವಲನ್ನು 'ಬೀಳು' ಎಂದು ಕರೆದು ಮರ ನೆಟ್ಟ ದಿನಗಳಲ್ಲಿ ಆ ಹಕ್ಕಿಯ ಬಯಲು ಹೋಯಿತು. ಹುಲ್ಲಿನ ನೆಲವೂ ಕಾಡೇ ಎಂಬುದನ್ನು ನಾವು ತಡವಾಗಿ ಕಲಿತೆವು.

ಅಭಯಾರಣ್ಯದ ಒಳಗೆ ಮನಸ್ಸಿಗೆ ಬಂದಂತೆ ನಡೆಯುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಒಳಗೆ ಹೋಗುವ ಅಗತ್ಯವೂ ಇಲ್ಲ. ಅಂಚಿನ ಹಳ್ಳಿ ರಸ್ತೆಗಳಲ್ಲಿ ಬೆಳಗಿನ ಹೊತ್ತು ಸದ್ದಿಲ್ಲದೆ ಸೈಕಲ್ ತುಳಿದರೆ ಹಿಂಡು ತಾನಾಗಿಯೇ ಕಾಣುತ್ತದೆ. ಹೊಲಗಳಲ್ಲೂ ಕಾಣುತ್ತದೆ. ರೈತರು ರಾತ್ರಿಯೆಲ್ಲ ಗೋವಿನಜೋಳ, ಹತ್ತಿಯ ಹೊಲ ಕಾಯುವುದು ಇವುಗಳ ದೆಸೆಯಿಂದ. ಜಿಂಕೆಯ ಚೆಲುವು ನೋಡಿ ಸಂತೋಷಪಡುವವರು ಅವರ ನಿದ್ದೆಗೆಟ್ಟ ಕಣ್ಣನ್ನೂ ನೋಡಬೇಕು. ಅವರ ಹೊಲದ ಬದುವಿನಲ್ಲೇ ನಾವು ನಡೆಯುವುದು.

ಇಲ್ಲಿಂದ ದೇವರಗುಡ್ಡ. ಗುಡ್ಡದ ಮೇಲೆ ಮಾಲತೇಶ, ಜೊತೆಗೆ ಗಂಗಿಮಾಳಮ್ಮ. ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಒಂದೇ ಮಾತಿನ ಕಾರಣಿಕ ನುಡಿಯುತ್ತಾನೆ. ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ಅದರಲ್ಲಿ ಹುಡುಕಿಕೊಳ್ಳುತ್ತಾರೆ. ಕರಿಕಂಬಳಿಯ ನಿಲುವಂಗಿ, ಡಮರು, ದೋಣಿ, ಭಂಡಾರದ ಚೀಲ ಹೊತ್ತ ಗೊರವರು ಈ ಸೀಮೆಯ ನಿಜವಾದ ನಡಿಗೆಯವರು. ಭಾರತ ಹುಣ್ಣಿಮೆಗೆ ತುಂಗಭದ್ರೆಯ ಆಚೆ ದಂಡೆಯ ಮೈಲಾರಕ್ಕೆ ಹಾವೇರಿ ಕಡೆಯಿಂದ ಸಾವಿರಾರು ಜನ ಹೊರಡುತ್ತಾರೆ. ಬಂಡಿಗಳು ನೀರಿಗಿಳಿದು ಹೊಳೆ ದಾಟುತ್ತವೆ. 'ಏಳುಕೋಟಿಗೋ ಚಾಂಗಭಲೋ' ಎಂಬ ಕೂಗು ಕೇಳಿದ ಕಡೆ ದಾರಿ ಯಾವುದೆಂದು ಯಾರೂ ಕೇಳಬೇಕಾಗಿಲ್ಲ. ವರ್ಷಕ್ಕೊಮ್ಮೆಯಾದರೂ ಪಾದ ಬೀಳುವುದರಿಂದ ಆ ದಾರಿಗಳು ಉಳಿದಿವೆ.

ಹಾದಿ ಇನ್ನೂ ಬೇಕೆನಿಸಿದರೆ ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರಕ್ಕೆ ಹೋಗಬಹುದು. ಚಾಲುಕ್ಯರ ಶೈಲಿಯ ಮುಕ್ತೇಶ್ವರ ಗುಡಿ ಅಲ್ಲಿದೆ; ದೋಣಿ ನಡೆಸುತ್ತಲೇ ವಚನ ಹೇಳಿದ ಅಂಬಿಗರ ಚೌಡಯ್ಯನ ಊರು ಅದು. ತುಂಗಾ ಮೇಲ್ದಂಡೆ ಕಾಲುವೆಯ ಏರಿಯೂ ಸೈಕಲ್‌ಗೆ ಹದವಾದ ದಾರಿ. ಮರಳಿ ಬರಲು ಕಾಲು ಸೋತವರಿಗೆ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗ ಹತ್ತಿರದಲ್ಲೇ ಇದೆ: ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ನಾಲ್ಕೂ ಕಡೆ ನಿಲ್ದಾಣಗಳಿವೆ.

ನಕಾಶೆಯಲ್ಲಿದೆ, ನೆಲದಲ್ಲಿಲ್ಲ

ಮೊದಲು ಕಂಡ ಆ ಹಿರಿಯರ ದಾರಿ ಯಾಕೆ ಅವರ ಹೊಲದಲ್ಲೇ ನಿಂತಿತು?

ಉತ್ತರ ಯಾವ ಹಳ್ಳಿಯಲ್ಲಿ ಕೇಳಿದರೂ ಒಂದೇ. ಎತ್ತು ಹೋದವು, ಬಂಡಿ ಹೋದವು. ಟ್ರ್ಯಾಕ್ಟರು ಡಾಂಬರು ಹಿಡಿದು ಬಳಸಿ ಹೋಗುತ್ತದೆ. ಬಳಕೆ ತಪ್ಪಿದ ದಾರಿಯನ್ನು ಎರಡೂ ಕಡೆಯ ಹೊಲದವರು ಹಂಗಾಮಿಗೆ ಒಂದು ಸಾಲಿನಂತೆ ಉಳುತ್ತಾರೆ. ಅಣ್ಣತಮ್ಮಂದಿರಲ್ಲಿ ಪಾಲಾಗಿ ಹೊಲ ಸಣ್ಣದಾದಷ್ಟೂ ಆ ಒಂದು ಸಾಲು ಬೆಲೆಯುಳ್ಳದ್ದಾಗುತ್ತದೆ. ಯಾರೋ ಒಬ್ಬರು ತಂತಿ ಬೇಲಿ ಹಾಕಿದ ಮೇಲೆ ಒಳಗಿನ ಹೊಲದವರಿಗೆ ಗೊಬ್ಬರ ಸಾಗಿಸಲು, ತೆನೆ ತರಲು ದಾರಿ ಇರುವುದಿಲ್ಲ. ಜಗಳ ಪಂಚಾಯ್ತಿಗೆ, ಅಲ್ಲಿಂದ ಕೋರ್ಟಿಗೆ. ದಾರಿಯ ಜಗಳದಲ್ಲಿ ತಲೆ ಒಡೆದ ಸುದ್ದಿ ಓದದ ಓದುಗರು ಉತ್ತರ ಕರ್ನಾಟಕದಲ್ಲಿ ಇರಲಿಕ್ಕಿಲ್ಲ.

ಕಾಗದದ ಮೇಲೆ ಮಾತ್ರ ದಾರಿ ಗಟ್ಟಿಯಾಗಿದೆ. ಪ್ರತಿ ಊರಿನ ಸರ್ವೆ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆಗೆರೆಯಲ್ಲಿ ಗುರುತು ಮಾಡಿದ್ದಾರೆ. ತಹಶೀಲ್ದಾರ ಕಚೇರಿಯಲ್ಲಿ ಇದಕ್ಕೆ 'ನಕಾಶೆ ಕಂಡ ದಾರಿ' ಎನ್ನುತ್ತಾರೆ. ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಬೇರೆಯವರ ಸ್ವತ್ತಲ್ಲದಿದ್ದರೆ ಸರ್ಕಾರಕ್ಕೆ ಸೇರಿದವು ಎಂದು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 67ನೇ ಕಲಮು ಹೇಳುತ್ತದೆ. ನಕಾಶೆಯಲ್ಲಿ ಇಲ್ಲದಿದ್ದರೂ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಹಕ್ಕಿನಿಂದ ಓಡಾಡಿದ ವಹಿವಾಟಿನ ದಾರಿಗೆ 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಆಸರೆ ಉಂಟು. ಮುಚ್ಚಿದ ದಾರಿಗಳನ್ನು ತೆರವು ಮಾಡಿಸಬೇಕೆಂದು ಕಂದಾಯ ಇಲಾಖೆ 2023ರಲ್ಲಿ ತಹಶೀಲ್ದಾರರಿಗೆ ಸುತ್ತೋಲೆಯನ್ನೂ ಕಳಿಸಿತು. ಕಾನೂನಿನ ಕೊರತೆ ಇಲ್ಲ. ದಾರಿ ಬೇಕು ಎಂದು ಕೇಳುವ ಕಾಲುಗಳ ಕೊರತೆ ಇದೆ.

▪ ನಿಮ್ಮೂರಿನ ದಾರಿ ಹುಡುಕುವುದು ಹೀಗೆ
*ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಊರಿನ ನಕಾಶೆ ಉಚಿತವಾಗಿ ಸಿಗುತ್ತದೆ. ಜೋಡಿ ಚುಕ್ಕೆಗೆರೆ ಬಂಡಿದಾರಿ. ಒಂಟಿ ಚುಕ್ಕೆಗೆರೆ ಕಾಲುದಾರಿ. ಮೊಬೈಲಿನ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರು ಗೊತ್ತಾಗುತ್ತದೆ. ಎರಡನ್ನೂ ಹೋಲಿಸುತ್ತ ನಡೆಯಿರಿ. ದಾರಿ ತಪ್ಪಿದ ಕಡೆ ಹೊಲದಲ್ಲಿದ್ದವರನ್ನು ಕೇಳಿ. ಆ್ಯಪ್‌ಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ.*

ಬೇರೆ ದೇಶದವರು ಇದನ್ನು ಹೇಗೆ ಉಳಿಸಿಕೊಂಡರು ಎಂಬುದು ತಿಳಿಯಬೇಕಾದ ಸಂಗತಿ. ಇಂಗ್ಲೆಂಡಿನಲ್ಲಿ 1932ರಲ್ಲಿ ಕಾರ್ಖಾನೆಯ ದುಡಿಮೆಗಾರ ಯುವಕರು ಜಮೀನ್ದಾರರ ಬೇಟೆಯ ಬಯಲಾಗಿದ್ದ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಗುಂಪಾಗಿ ನುಗ್ಗಿ ನಡೆದರು. ಕೆಲವರು ಜೈಲಿಗೂ ಹೋದರು. 1949ರಲ್ಲಿ ಆದ ಕಾನೂನು ಪ್ರತಿ ಜಿಲ್ಲಾಡಳಿತವೂ ಸಾರ್ವಜನಿಕ ಕಾಲುದಾರಿಗಳ ಅಧಿಕೃತ ನಕಾಶೆ ಮಾಡಬೇಕೆಂದಿತು. ಆ ನಕಾಶೆಯಲ್ಲಿ ಬಂದ ದಾರಿ ಯಾರ ಹೊಲದ ನಡುವೆ ಹಾದರೂ ಯಾರು ಬೇಕಾದರೂ ನಡೆಯಬಹುದು.

ಸ್ಪೇನಿನ ಕತೆ ಇನ್ನೂ ಹತ್ತಿರದ್ದು. ಸಂತ ಯಾಕೋಬನ ಸಮಾಧಿಗೆ ಹೋಗುವ ನೂರಾರು ಕಿಲೋಮೀಟರಿನ ಹಳೆಯ ಯಾತ್ರೆಯ ದಾರಿ ಮರೆತುಹೋಗುತ್ತಿತ್ತು. ಎಂಬತ್ತರ ದಶಕದಲ್ಲಿ ಹಳ್ಳಿಯ ಪಾದ್ರಿಯೊಬ್ಬರು, ಎಲಿಯಾಸ್ ವಲಿನ್ಯಾ, ಹಳದಿ ಬಣ್ಣದ ಡಬ್ಬಿ ಹಿಡಿದು ಮರ, ಕಲ್ಲು, ಗೋಡೆಗಳ ಮೇಲೆ ಬಾಣದ ಗುರುತು ಬರೆಯುತ್ತ ಹೋದರು. ಇಂದು ಪ್ರತಿ ವರ್ಷ ಲಕ್ಷಾಂತರ ಜನ ಆ ಬಾಣ ನೋಡಿಕೊಂಡು ನಡೆಯುತ್ತಾರೆ, ದಾರಿಯ ಹಳ್ಳಿಗಳು ಅವರಿಗೆ ಊಟ, ವಸತಿ ಕೊಟ್ಟು ಬದುಕುತ್ತವೆ. 1993ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಗೆ ಸೇರಿಸಿತು.

ಹಳದಿ ನಮ್ಮಲ್ಲಿ ಇಲ್ಲವೇ? ಮಾಲತೇಶನ ಭಂಡಾರದ ಬಣ್ಣವೇ ಅದು. ಬಾಡದಿಂದ ಕಾಗಿನೆಲೆಗೆ, ಕಾಗಿನೆಲೆಯಿಂದ ಕದರಮಂಡಲಗಿ ಹಾದು ದೇವರಗುಡ್ಡಕ್ಕೆ, ದಾರಿ ಕವಲೊಡೆಯುವ ಕಡೆಯೆಲ್ಲ ಭಂಡಾರ ಬಣ್ಣದ ಒಂದು ಗುರುತುಕಲ್ಲು ನೆಟ್ಟರೆ ಅದು ಕನಕನ ದಾರಿಯಾಗುತ್ತದೆ. ಕೋಟಿಗಟ್ಟಲೆ ಹಣ ಬೇಡ. ಕಲ್ಲು ಇಲ್ಲಿಯದೇ, ಕೂಲಿ ಗ್ರಾಮೀಣ ಉದ್ಯೋಗ ಖಾತರಿಯಲ್ಲೇ ಆಗುವಂಥದ್ದು. ನಡುವಿನ ಊರುಗಳ ಗುಡಿ, ಶಾಲೆಗಳ ಜಗುಲಿ ತಂಗಲು ಸಾಕು. ಜೋಳದ ರೊಟ್ಟಿ, ಪುಂಡಿಪಲ್ಯೆ, ಚಟ್ನಿಪುಡಿಯ ಊಟ ಹಾಕುವ ಮನೆಗಳಿಗೆ ನಾಲ್ಕು ಕಾಸು ಆಗುತ್ತದೆ.

ಸೈಕಲ್‌ಗಳೂ ಊರಲ್ಲೇ ಇವೆ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಈ ಹಳ್ಳಿಗಳ ಹೆಣ್ಣುಮಕ್ಕಳು ಮೊದಲ ಸಲ ತಮ್ಮದೇ ಗಾಲಿಯ ಮೇಲೆ ಪಕ್ಕದ ಊರಿನ ಹೈಸ್ಕೂಲಿಗೆ ಹೋದರು. ಕೊರೊನಾ ಕಾಲದಲ್ಲಿ ಆ ಯೋಜನೆ ನಿಂತಿತು. ಮನೆಯ ಹಿಂದೆ ತುಕ್ಕು ಹಿಡಿದು ಒರಗಿರುವ ಆ ಸೈಕಲ್‌ಗಳಲ್ಲಿ ಬಹಳಷ್ಟಕ್ಕೆ ಬೇಕಾಗಿರುವುದು ಒಂದು ಟ್ಯೂಬು, ಒಂದು ಚೈನು, ಅರ್ಧ ದಿನದ ರಿಪೇರಿ. ದುಬಾರಿ ಗೇರ್ ಸೈಕಲ್ ಈ ದಾರಿಗಳಿಗೆ ಬೇಕಿಲ್ಲ.

▪ ಹೊರಡುವ ಮುನ್ನ
*ಕಾಲ: ನವೆಂಬರಿನಿಂದ ಫೆಬ್ರುವರಿ. ಮಳೆ ಬಿದ್ದ ಮರುದಿನ ಎರೆಹೊಲದ ದಾರಿ ಬೇಡ. ಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ ಹೊತ್ತೇ ಬರಬೇಕಾಗುತ್ತದೆ. ರಸ್ತೆಯ ಮೇಲೆ ಹರವಿದ ಗೋವಿನಜೋಳದ ಮೇಲೆ ಗಾಲಿ ಹಾಯಿಸಬೇಡಿ: ಕಾಳು ರೈತನ ವರ್ಷದ ದುಡಿಮೆ, ಜಾರಿ ಬೀಳುವುದು ನೀವು. ಹಿಂಗಾರಿ ಬಿತ್ತಿದ ಹೊಲದಲ್ಲಿ ಅಡ್ಡ ಹಾಯದೆ ಬದುವಿನ ಮೇಲೆ ನಡೆಯಿರಿ. ಜಾಲಿ ಮುಳ್ಳಿಗೆ ಪಂಕ್ಚರ್ ಸಾಮಾನು ಜೊತೆಗಿರಲಿ. ಕುರಿಹಿಂಡಿನ ನಾಯಿ ಬೊಗಳಿದರೆ ಸೈಕಲ್ ಇಳಿದು ನಿಲ್ಲಿ. ಕುರಿಗಾರ ಒಂದು ಮಾತು ಹೇಳಿದರೆ ಅದು ಸುಮ್ಮನಾಗುತ್ತದೆ.*

ಕಾಗಿನೆಲೆ ಅಭಿವೃದ್ಧಿ ಪ್ರಾಧಿಕಾರಕ್ಕೆ, ಹಾವೇರಿ ಜಿಲ್ಲಾಡಳಿತಕ್ಕೆ ಒಂದು ಕೋರಿಕೆ. ಮುಂದಿನ ಕನಕ ಜಯಂತಿಗೆ ಮೆರವಣಿಗೆ, ಭಾಷಣಗಳ ಜೊತೆಗೆ ಬಾಡ–ಕಾಗಿನೆಲೆ ನಡಿಗೆಯೂ ಇರಲಿ. ಅದಕ್ಕೆ ಮೊದಲು ಸರ್ವೆಯವರನ್ನು ಕಳಿಸಿ ಈ ದಾರಿಯಲ್ಲಿ ಬರುವ ಊರುಗಳ ನಕಾಶೆ ಕಂಡ ದಾರಿಗಳನ್ನು ಅಳೆಸಿ, ಒತ್ತುವರಿ ಬಿಡಿಸಿ, ಕಲ್ಲು ನೆಡಿಸಬೇಕು.

ಓದುಗರಿಗೂ ಒಂದು ಮಾತು. ಈ ಭಾನುವಾರ ನಿಮ್ಮೂರಿನ ನಕಾಶೆ ತೆಗೆದು ನೋಡಿ. ಚುಕ್ಕೆಗೆರೆಯ ಒಂದು ದಾರಿ ಆರಿಸಿ, ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಆ ತುದಿಯಿಂದ ಈ ತುದಿಗೆ ನಡೆಯಿರಿ. ನಡುವೆ ಬೇಲಿ ಸಿಕ್ಕರೆ ಜಗಳವಾಡಬೇಡಿ. ಸರ್ವೆ ನಂಬರು ಬರೆದುಕೊಂಡು ಬಂದು, ಸೋಮವಾರ ತಹಶೀಲ್ದಾರರಿಗೆ ಅರ್ಜಿ ಕೊಡಿ.